ಪದ್ಯವಿಲ್ಲದ ಪಾತ್ರಧಾರಿ

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ ಸಿಗುವ ಕರ್ಕಿಯಲ್ಲಿ ಒಂದು ಮನೆತನದ ಅಡ್ಡಹೆಸರೇ 'ಹಾಸ್ಯಗಾರ'. ವೈದ್ಯ, ಜೋಯಿಸ, ಶಾನಭಾಗ ಮೊದಲಾದ ಕಸುಬಿನ ಹೆಸರುಗಳು ನಮಗೆ ಹೊಸವಲ್ಲ. ನಗಿಸುವ ಕಸುಬೊಂದು ಹೀಗೆ ತಲೆಮಾರುಗಳಿಗೆ ಅಂಟಿಕೊಂಡದ್ದು ಮಾತ್ರ ಅಪರೂಪ. 1842ರಲ್ಲಿ ಸಾಂಗ್ಲಿಯಲ್ಲಿ ಕನ್ನಡನಾಡಿನ ಭಾಗವತ ಮೇಳವೊಂದು ಆಟ ಆಡಿತು. ಅದರ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆಯವರು 'ಸೀತಾಸ್ವಯಂವರ'ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಆ ಮೇಳ ಕರ್ಕಿಯದೇ ಎಂಬ ಮಾತು ನಮ್ಮ ಕಡೆ ಬಹುಕಾಲದಿಂದ ಬಳಕೆಯಲ್ಲಿದೆ. ಕರ್ಕಿಯ ಹಾಸ್ಯಗಾರರು ಹಾಸ್ಯವನ್ನಷ್ಟೇ ಮಾಡಿದವರಲ್ಲ. ಬೇರೆ ಬೇರೆ ವೇಷಗಳಲ್ಲಿಯೂ ಹೆಸರಾದವರು. ಆದರೂ ಊರು ಅವರಿಗೆ ಇಟ್ಟ ಹೆಸರು ರಾಜನದಲ್ಲ, ರಾಜನೆದುರು ನಿಂತು ಮಾತನಾಡುವವನದು.

ನನ್ನ ತರಗತಿಯ ಹುಡುಗನೊಬ್ಬ ಈಚೆಗೆ, ನಗಿಸುವುದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ ಎಂದು ಕೇಳಿದ. ಅವನ ಕಣ್ಣ ಮುಂದಿದ್ದುದು ಬೆಂಗಳೂರಿನ ಪುಟ್ಟ ಸಭಾಂಗಣ, ಒಂದು ಮೈಕು, ಒಬ್ಬನೇ ನಿಂತು ಮಾತನಾಡುವ ತರುಣ. ನನ್ನ ಕಣ್ಣ ಮುಂದೆ ಬಂದವನು ಯಕ್ಷಗಾನದ ಹಾಸ್ಯಗಾರ. ಇಬ್ಬರೂ ನಗಿಸಿಯೇ ಅನ್ನ ಕಾಣುವವರು. ಆದರೆ ಇಬ್ಬರ ವಿದ್ಯೆ ಒಂದೇ ಎಂದುಕೊಂಡರೆ ಹಾಸ್ಯಗಾರನಿಗೆ ಅನ್ಯಾಯವಾಗುತ್ತದೆ. ಆ ಅನ್ಯಾಯ ಈಗ ನಡೆಯುತ್ತಲೂ ಇದೆ.

ಯಕ್ಷಗಾನದಲ್ಲಿ ಕವಿ ಬರೆಯುವುದು ಪದ್ಯ. ಅರ್ಥವನ್ನು ವೇಷಧಾರಿ ಆ ಹೊತ್ತಿನಲ್ಲಿ ತಾನೇ ಕಟ್ಟಬೇಕು. ಇದು ಎಲ್ಲರಿಗೂ ತಿಳಿದದ್ದೇ. ಅರ್ಜುನನ ಪಾತ್ರಧಾರಿಗೆ ಹಿಡಿದು ನಡೆಯಲು ಪದ್ಯವೊಂದು ಕೈಮರವಾಗಿ ಇರುತ್ತದೆ. ಹಾಸ್ಯಗಾರನಿಗೆ ಎಷ್ಟೋ ಕಡೆ ಅದೂ ಇಲ್ಲ. ಕೃಷ್ಣನ ಸಾರಥಿ ದಾರುಕ, ಬಾಗಿಲು ಕಾಯುವವನು, ಓಲೆ ತರುವ ಚಾರಕ, ಕಂಸನ ಅಗಸ - ಇವರ ಬಾಯಿಗೆ ಕವಿ ಹಾಕಿದ್ದು ಅತ್ಯಲ್ಪ, ಕೆಲವೆಡೆ ಏನೂ ಇಲ್ಲ. ಬಾಹುಕ, ಪಾಪಣ್ಣ ಮುಂತಾದ ದೊಡ್ಡ ಪಾತ್ರಗಳ ಮಾತು ಬೇರೆ. ಹಾಗಿರುವಾಗ ನಾವು ನಕ್ಕ ದಾರುಕ ಯಾರ ಸೃಷ್ಟಿ? ಸಾಹಿತ್ಯದ ಅಧ್ಯಾಪಕರಾದ ನಾವು ಪ್ರಸಂಗಕರ್ತನ ಕಾಲದೇಶ ವಿಚಾರಿಸುತ್ತೇವೆ. ಈ ಕರ್ತೃವನ್ನು ಮಾತ್ರ 'ಹಾಸ್ಯವೂ ಚೆನ್ನಾಗಿತ್ತು' ಎಂಬ ಒಂದು ವಾಕ್ಯದಲ್ಲಿ ಮುಗಿಸುತ್ತೇವೆ. 'ಯಕ್ಷಗಾನ ಬಯಲಾಟ' ಗ್ರಂಥಕ್ಕಾಗಿ ಶಿವರಾಮ ಕಾರಂತರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1959ರಲ್ಲಿ. ಬಯಲಾಟ ಸಾಹಿತ್ಯದ ಅಂಗಳಕ್ಕೆ ಬಂದು ಇಷ್ಟು ವರ್ಷಗಳಾದ ಮೇಲೂ ಹಾಸ್ಯಗಾರ ಅಂಗಳದ ಅಂಚಿನಲ್ಲೇ ನಿಂತಿದ್ದಾನೆ.

ಮೇಳದ ಒಳಗೆ ಅವನ ಸ್ಥಾನ ಅಂಚಿನದಲ್ಲ. ಹಳೆಯ ಕ್ರಮದಲ್ಲಿ ಹಾಸ್ಯಗಾರನಾಗಬೇಕಾದವನಿಗೆ ಪ್ರಸಂಗಗಳ ನಡೆ ಎಲ್ಲ ತಿಳಿದಿರಬೇಕು. ವೇಷಧಾರಿ ಬರುವುದು ತಡವಾದರೆ ರಂಗ ತುಂಬಬೇಕಾದವನು ಅವನು. ಹೊಸಬ ಮಾತು ಮರೆತರೆ ಪ್ರಶ್ನೆಯ ನೆವದಲ್ಲಿ ಎತ್ತಿಕೊಡಬೇಕಾದವನೂ ಅವನೇ. ಈಚಿನ ದಶಕಗಳಲ್ಲಿ ಹಾಸ್ಯಕ್ಕೆ ಹೆಸರಾದ ಮೂರೂರು ರಮೇಶ ಭಂಡಾರಿ ಕುಮಟೆ ತಾಲೂಕಿನವರು. ಕಾಸರಕೋಡು ಶ್ರೀಧರ ಭಟ್ಟರು ಹೊನ್ನಾವರದ ಹೊಳೆಯಾಚೆಯವರು. ಇಂಥವರ ಮಾತಿನ ವೇಗವನ್ನು ಹೊಗಳುವವರು ಬಹಳ. ಹಾಸ್ಯಗಾರನಲ್ಲಿ ನಾನು ಗಮನಿಸುವುದು ಬೇರೊಂದನ್ನು: ಎದುರಿನವನ ಮಾತು ಮುಗಿಯುವವರೆಗೆ ಅವನು ಕಾಯುವ ರೀತಿಯನ್ನು.

ಏಕೆಂದರೆ ಈ ಹಾಸ್ಯದ ಗುಟ್ಟು ಇರುವುದು ಎರಡು ಕನ್ನಡಗಳ ಘರ್ಷಣೆಯಲ್ಲಿ. ಕಿರೀಟ ಹೊತ್ತ ರಾಜ, 'ಎಲೈ ಚಾರಕನೇ, ನಮ್ಮ ಪುರದ ವರ್ತಮಾನವೇನು?' ಎಂದು ಗಂಭೀರವಾಗಿ ಕೇಳುತ್ತಾನೆ ಎನ್ನಿ. 'ಅಡಕೆಗೆ ಕೊಳೆ ಬಂಜು ಒಡೆಯಾ' ಎಂದು ಚಾರಕ ಹವ್ಯಕರ ಮಾತಿನಲ್ಲಿ ಉತ್ತರಿಸಿದರೆ ಸಭೆ ಗೊಳ್ಳೆನ್ನುತ್ತದೆ. ಕಾಗದದ ಮೇಲೆ ಇದರಲ್ಲಿ ನಗೆಯೇನೂ ಇಲ್ಲ. ದ್ವಾಪರಯುಗದ ಸಭೆಗೆ ಹೊನ್ನಾವರದ ತೋಟ ನುಗ್ಗಿತಲ್ಲ, ಅಲ್ಲಿದೆ ನಗು. ಆದರೆ ರಾಜ ನಗಬಾರದು. ಅವನು ಜಗ್ಗದೆ ನಿಂತಷ್ಟೂ ಚಾರಕನ ಮಾತಿಗೆ ಬೆಲೆ. ಈಗಿನ ಕೆಲವು ರಾಜರು ತಾವೂ ಬಾಯಿಬಿಟ್ಟು ನಕ್ಕು, ಕೈತಟ್ಟಿ, ಹಾಸ್ಯದಲ್ಲಿ ಪಾಲು ಕೇಳುತ್ತಾರೆ. ಅಲ್ಲಿಗೆ ಹಾಸ್ಯವೂ ಹೋಯಿತು, ರಾಜನೂ ಹೋದ.

ಇದೇ ಆಯುಧಕ್ಕೆ ಇನ್ನೊಂದು ಮೊನೆಯಿದೆ. ಕುಮಟೆಯಿಂದ ಭಟ್ಕಳದವರೆಗಿನ ದಾರಿಯಲ್ಲಿ ಹವ್ಯಕರ ಮಾತು, ಹಾಲಕ್ಕಿಗಳ ಮಾತು, ಕೊಂಕಣಿ, ಭಟ್ಕಳದ ನವಾಯತಿ ಎಲ್ಲ ಕಿವಿಗೆ ಬೀಳುತ್ತವೆ. ಶಿರೂರು ದಾಟಿದರೆ ಕುಂದಾಪುರದ ಕನ್ನಡ. ಊರು ನೋಡಿ ನುಡಿ ಬದಲಿಸುವುದು ಹಾಸ್ಯಗಾರನ ಜಾಣ್ಮೆ. ಆದರೆ ಹಾಲಕ್ಕಿಯವರ ನುಡಿಯನ್ನು ಆಡಿದಾಗ ನಗೆಗೀಡಾದದ್ದು ರಾಜನ ಬಿಂಕವೋ, ಹಾಲಕ್ಕಿಯವರೋ? ಮೊದಲನೆಯದಾದರೆ ಕಲೆ; ಎರಡನೆಯದಾದರೆ ಮುಂದಿನ ಸಾಲಿನಲ್ಲಿ ಕುಳಿತ ನಮ್ಮಂಥವರಿಗೆ ಒಪ್ಪಿಸಿದ ಕಾಣಿಕೆ. ಉಗ್ಗುವಿಕೆ, ಕುಂಟು, ದ್ವಂದ್ವಾರ್ಥಗಳಿಂದ ಗಳಿಸಿದ ಚಪ್ಪಾಳೆಯನ್ನು ನಾನು ಹಾಸ್ಯದ ಲೆಕ್ಕಕ್ಕೆ ಸೇರಿಸಲಾರೆ, ಆಡಿದವರು ಎಷ್ಟು ದೊಡ್ಡವರಾದರೂ ಸರಿಯೇ.

ಒಬ್ಬನೇ ನಿಂತು ನಗಿಸುವ ವಿದ್ಯೆಯೂ ಕನ್ನಡಕ್ಕೆ ಹೊರಗಿನದೇನಲ್ಲ. ಮಾಸ್ಟರ್ ಹಿರಣ್ಣಯ್ಯನವರು (1934-2019) 'ಲಂಚಾವತಾರ'ದಲ್ಲಿ ನಾಟಕವನ್ನು ಬದಿಗೆ ಸರಿಸಿ, ಅಂದಂದಿನ ರಾಜಕಾರಣವನ್ನು ಸಭಿಕರ ಮುಂದೆ ಸುಲಿದಿಡುತ್ತಿದ್ದರು. ಗಂಗಾವತಿ ಪ್ರಾಣೇಶ, ಪ್ರೊ. ಕೃಷ್ಣೇಗೌಡ ಮೊದಲಾದವರು ಊರೂರ ವೇದಿಕೆಗಳಲ್ಲಿ ಮಾತನ್ನೇ ಆಟವಾಗಿಸಿದರು. ಬೆಂಗಳೂರಿನ ತರುಣನಿಗೆ ಎದುರು ರಾಜನಿಲ್ಲದಿದ್ದರೂ ಆಫೀಸಿನ ಇಂಗ್ಲಿಷ್ ಇದೆ. ಮನೆಯ ಕನ್ನಡವನ್ನು ಅದಕ್ಕೆ ತಾಗಿಸಿ ಕಿಡಿ ಹಾರಿಸುತ್ತಾನೆ. ಆದರೆ ಅವನು ಹೇಳುವುದು ಬಹುಪಾಲು ತನ್ನದೇ ಕಥೆ. ಹಾಸ್ಯಗಾರ ರಂಗದ ಮೇಲೆ ತಾನಾಗಿ ನಿಲ್ಲುವುದಿಲ್ಲ. ದಾರುಕನಾಗಿ ಬಂದು ದಾರುಕನಾಗಿಯೇ ಒಳಸರಿಯಬೇಕು. ಅವನ ಮಾತು ಮುಗಿದ ಮೇಲೆ ಯುದ್ಧ ನಡೆಯಬೇಕಾಗಿದೆ, ಯಾರೋ ಸಾಯಬೇಕಾಗಿದೆ. ಸಭೆಯನ್ನು ನಗಿಸಿ, ನಗೆಯಿಂದ ಹಿಂದಕ್ಕೆ ಕರೆತಂದು, ಕಥೆಯ ಕೈಗೆ ಒಪ್ಪಿಸಿ ಹೋಗುವ ಹೊಣೆ ಒಂಟಿ ಭಾಷಣಕಾರನಿಗೆ ಇಲ್ಲ.

ಈ ಹೊಣೆಯನ್ನೇ ಕಾಲ ಈಗ ಕಳಚುತ್ತಿದೆ. ಇಡೀ ರಾತ್ರಿಯ ಆಟ ಹಲವೆಡೆ ಮೂರು ನಾಲ್ಕು ತಾಸಿನ ಕಾಲಮಿತಿಗೆ ಇಳಿಯಿತು. ಕಾಲಮಿತಿ ಬೇಡವೆನ್ನುವವನು ನಾನಲ್ಲ; ಬೆಳಿಗ್ಗೆ ಹತ್ತಕ್ಕೆ ಪಾಠ ಹೇಳಬೇಕಾದವನಿಗೆ ಅದು ಅನುಕೂಲವೇ. ಆದರೆ ಹಾಸ್ಯ ಬೆಳೆಯಲು ಬೇಕಾಗಿದ್ದ ಬಿಡುವು ಅದರೊಡನೆ ಹೋಯಿತು. ಅದರ ಮೇಲೆ ಮೊಬೈಲು ಬಂತು. ಐದು ನಿಮಿಷದ ತುಣುಕು ಸಾವಿರಾರು ಕೈಗಳಿಗೆ ಹೋಗುತ್ತದೆ. ಹೆಸರಾಗುತ್ತದೆ, ಮಳೆಗಾಲದಲ್ಲಿ ಬೆಂಗಳೂರು ಮುಂಬಯಿಗಳಿಂದ ಕರೆ ಬರುತ್ತದೆ. ಆಟವಿಲ್ಲದ ತಿಂಗಳುಗಳಲ್ಲಿ ಸಂಸಾರ ನಡೆಸಬೇಕಾದವನಿಗೆ ಇದನ್ನು ಬೇಡವೆನ್ನಲು ನಾನಾರು? ಆದರೂ ಹೊಸ ಹುಡುಗರು ಪ್ರಸಂಗದ ನಡೆ ಕಲಿಯುವ ಮೊದಲೇ ತುಣುಕಿಗೆ ಒದಗುವ ಮಾತು ಕೂಡಿಡುತ್ತಿರುವುದನ್ನು ಕಾಣುತ್ತೇನೆ. ಕೃಷ್ಣನ ಮುಂದೆ ಆಡಿದ್ದನ್ನೇ ಕೌರವನ ಮುಂದೂ ಆಡಬಹುದಾದರೆ ಅದು ಬರಿಯ ನಗೆಹನಿ. ಅದನ್ನು ಹೇಳಲು ಗೆಜ್ಜೆ ಕಟ್ಟಬೇಕಾಗಿಲ್ಲ.

ಆ ಹುಡುಗನಿಗೆ ಹೇಳಿದೆ: ಮೈಕು ಹಿಡಿಯುವುದಾದರೆ ಹಿಡಿ; ಅದಕ್ಕೆ ಮೊದಲು ಒಂದು ತಿರುಗಾಟ ಮೇಳದ ಚೌಕಿಯಲ್ಲಿ ಕುಳಿತು ಬಾ. ಅವನು ಹೋದಾನೆಂಬ ಭರವಸೆ ನನಗಿಲ್ಲ. ತುಣುಕುಗಳನ್ನು ಅವನೇ ತನ್ನ ಮೊಬೈಲಿನಲ್ಲಿ ತೋರಿಸಿದ. ಹತ್ತರಲ್ಲಿ ಎಂಟರಲ್ಲಿ ಹಾಸ್ಯಗಾರನ ಮುಖ ಮಾತ್ರ ತುಂಬಿತ್ತು. ಎದುರು ನಿಂತ ರಾಜನ ಒಂದು ಭುಜಕೀರ್ತಿಯ ತುದಿ ಎಲ್ಲೋ ಮೂಲೆಯಲ್ಲಿ ಮಿನುಗುತ್ತಿತ್ತು.