ಸಹವಾಸದೋಷ ಯಾರದು? – ಸದರ್‌ಲ್ಯಾಂಡ್ ಸಿದ್ಧಾಂತದ ಒಂದು ವಿಮರ್ಶೆ

ಬಾಲಕನೊಬ್ಬ ಕಳವು ಮಾಡಿ ಸಿಕ್ಕಿಬಿದ್ದಾಗ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು 'ಸಹವಾಸದೋಷ' ಎಂಬುದು. ಈ ಲೋಕರೂಢಿಯ ಮಾತನ್ನು ಅಪರಾಧಶಾಸ್ತ್ರದ ಸಿದ್ಧಾಂತವಾಗಿ ಕಟ್ಟಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ (1883–1950). ಆ ಸಿದ್ಧಾಂತದ ಅರ್ಧವನ್ನು ಮಾತ್ರ, ಅದೂ ನಮಗೆ ಅನುಕೂಲವಾದ ಅರ್ಧವನ್ನು ಮಾತ್ರ ನಾವು ಸ್ವೀಕರಿಸಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಅವರಿಗಿಂತ ಮೊದಲು ಇಟಲಿಯ ವೈದ್ಯ ಲೊಂಬ್ರೋಸೊ, 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪರಾಧಿಯ ತಲೆಬುರುಡೆ ದವಡೆಗಳಲ್ಲಿಯೇ ಅವನ ಸ್ವಭಾವದ ಗುರುತುಂಟೆಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಚಿಕಾಗೊ ನಗರದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ನಡೆಸಿದ ಅಧ್ಯಯನವು (1942) ಇನ್ನೂ ಸ್ವಾರಸ್ಯಕರ. ನಗರದ ನಡುಭಾಗದ ಹಳೆಯ ಬಡಾವಣೆಗಳಲ್ಲಿ ವಾಸಿಸುವ ಜನಾಂಗಗಳು ಕಾಲಕಾಲಕ್ಕೆ ಬದಲಾದರೂ ಬಾಲಾಪರಾಧದ ಪ್ರಮಾಣ ಅಲ್ಲಿ ಹೆಚ್ಚಾಗಿಯೇ ಉಳಿಯಿತು. ದೋಷವು ರಕ್ತದಲ್ಲಿದ್ದಿದ್ದರೆ ಅದು ಆ ಜನರೊಡನೆ ಹೊರಟುಹೋಗಬೇಕಿತ್ತಲ್ಲವೆ?

ಸದರ್‌ಲ್ಯಾಂಡ್ ತಮ್ಮ 'ಪ್ರಿನ್ಸಿಪಲ್ಸ್ ಆಫ್ ಕ್ರಿಮಿನಾಲಜಿ' ಗ್ರಂಥದ 1947ರ ಆವೃತ್ತಿಯಲ್ಲಿ ತಮ್ಮ ವಿಚಾರವನ್ನು ಒಂಬತ್ತು ಸೂತ್ರಗಳಲ್ಲಿ ನಿರೂಪಿಸಿದರು. ಅಪರಾಧವು ಕಲಿತು ಬರುವಂಥದ್ದು. ಕಲಿಕೆ ಮುಖ್ಯವಾಗಿ ನಡೆಯುವುದು ಆಪ್ತರ ವಲಯದಲ್ಲಿ. ಕಲಿಯುವುದು ಬೀಗ ಮುರಿಯುವ ಕೈಚಳಕವನ್ನು ಮಾತ್ರವಲ್ಲ, ಕಾನೂನು ಮುರಿದರೆ ತಪ್ಪಿಲ್ಲವೆಂಬ ಸಮರ್ಥನೆಯನ್ನೂ ಕೂಡ. ಮುರಿಯಬಹುದೆಂಬ ಭಾವನೆಗಳು ಮುರಿಯಬಾರದೆಂಬ ಭಾವನೆಗಳನ್ನು ಮೀರಿದಾಗ ಮನುಷ್ಯನು ಅಪರಾಧಕ್ಕಿಳಿಯುತ್ತಾನೆ. ಸಹವಾಸ ಎಷ್ಟು ಬಾರಿ, ಎಷ್ಟು ಕಾಲ, ಎಷ್ಟು ಎಳೆಯ ವಯಸ್ಸಿನಿಂದ, ಎಷ್ಟು ಗೌರವಕ್ಕೆ ಪಾತ್ರರಾದವರೊಡನೆ ಎಂಬುದರ ಮೇಲೆ ಅದರ ಪ್ರಭಾವ ನಿರ್ಧಾರವಾಗುತ್ತದೆ.

ಈ ಕೊನೆಯ ಮಾತನ್ನು ಗಮನವಿಟ್ಟು ಓದಿದರೆ, ಬೀದಿಯ ಪುಂಡನಿಗಿಂತ ಮನೆಯ ಯಜಮಾನನೇ ಪ್ರಬಲನಾದ ಗುರು ಎಂಬ ತೀರ್ಮಾನ ತಪ್ಪದು. ಎಳವೆಯಿಂದ ಪ್ರತಿದಿನವೂ, ಗೌರವದಿಂದ, ಮಗನು ಕೇಳುವುದು ಯಾರ ಮಾತನ್ನು? ರಾತ್ರಿ ಊಟದ ಹೊತ್ತಿನಲ್ಲಿ ಎರಡನೆಯ ಲೆಕ್ಕದ ಪುಸ್ತಕದ ವಿಷಯ, ಬಿಲ್ಲಿಲ್ಲದೆ ಬಂದ ಸರಕಿನ ವಿಷಯ, ಅಧಿಕಾರಿಯನ್ನು 'ನೋಡಿಕೊಂಡ' ವಿಷಯ ನಗುನಗುತ್ತಾ ಪ್ರಸ್ತಾಪವಾಗುವ ಮನೆಯಲ್ಲಿ ಅವನು ಏನನ್ನು ಕಲಿತಾನು? ವರ್ತಕರಾದ ನಾವು ಮಾತ್ರ ದೋಷವನ್ನು ನೆರೆಮನೆಯ ಹುಡುಗನ ಖಾತೆಗೆ ಬರೆದು ಸುಮ್ಮನಾಗುತ್ತೇವೆ.

ಇದು ನಾನು ಎಳೆದು ತಂದ ಅರ್ಥವಲ್ಲ. 1939ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷಭಾಷಣ ಮಾಡುತ್ತಾ ಸದರ್‌ಲ್ಯಾಂಡ್, ಬಡತನವೇ ಅಪರಾಧದ ಮೂಲವೆಂಬ ನಂಬಿಕೆಯನ್ನು ಅಲ್ಲಗಳೆದರು. ಸೆರೆಮನೆಯ ಅಂಕಿಗಳನ್ನು ಮಾತ್ರ ನೋಡಿದರೆ ಕಾಣುವವರು ಬಡವರೇ. ಪ್ರತಿಷ್ಠಿತರ ತಪ್ಪುಗಳು ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿಯುವುದಿಲ್ಲ. 1949ರಲ್ಲಿ ಬಂದ 'ವೈಟ್ ಕಾಲರ್ ಕ್ರೈಮ್' ಗ್ರಂಥದಲ್ಲಿ ಅವರು 70 ಬೃಹತ್ ಕಂಪನಿಗಳ ವಿರುದ್ಧ ನ್ಯಾಯಾಲಯಗಳೂ ಆಯೋಗಗಳೂ ನೀಡಿದ 980 ನಿರ್ಣಯಗಳನ್ನು ಪಟ್ಟಿಮಾಡಿದರು. ಸುಳ್ಳು ಜಾಹೀರಾತು, ಪೇಟೆಂಟ್ ಉಲ್ಲಂಘನೆ, ಸ್ಪರ್ಧೆಯನ್ನು ಅದುಮುವ ಒಳಒಪ್ಪಂದ ಎಲ್ಲವೂ ಅದರಲ್ಲಿವೆ. ಒಂದು ನಿರ್ಣಯವೂ ಇಲ್ಲದ ಕಂಪನಿ ಆ ಎಪ್ಪತ್ತರಲ್ಲಿ ಒಂದೂ ಇರಲಿಲ್ಲ. (ವಾಣಿಜ್ಯ ಓದಿದ ನನ್ನಂಥವನಿಗೆ ಈ ಲೆಕ್ಕಪರಿಶೋಧನೆಯ ರೀತಿ ಬಹಳ ಹಿಡಿಸಿತು.) ಮೊಕದ್ದಮೆಯ ಭಯದಿಂದ ಪ್ರಕಾಶಕರು ಕಂಪನಿಗಳ ಹೆಸರು ಬೇಡವೆಂದರು. ಹೆಸರುಗಳುಳ್ಳ ಪೂರ್ಣಪಾಠ ಹೊರಬಂದದ್ದು 1983ರಲ್ಲಿ, ಲೇಖಕರು ತೀರಿಹೋಗಿ 33 ವರ್ಷಗಳಾದ ಮೇಲೆ.

ಹಾಗೆಂದು ಸಿದ್ಧಾಂತ ನಿರ್ದುಷ್ಟವೇನೂ ಅಲ್ಲ. ಕಾನೂನಿನ ಪರವಾದ ಭಾವನೆಗಳೆಷ್ಟು, ವಿರುದ್ಧವಾದವೆಷ್ಟು ಎಂದು ಯಾವ ತಕ್ಕಡಿಯಲ್ಲಿ ತೂಗುವುದು? ಅಪರಾಧ ನಡೆದುಹೋದ ಮೇಲೆ 'ವಿರುದ್ಧವಾದವು ಹೆಚ್ಚಿದ್ದವು' ಎನ್ನುವುದು ವಿವರಣೆಯಾಗದು. ಬಾಸ್ಟನ್ನಿನ 500 ಬಾಲಾಪರಾಧಿಗಳನ್ನು ಅಪರಾಧಿಗಳಲ್ಲದ 500 ಬಾಲಕರೊಡನೆ ಹೋಲಿಸಿ 1950ರಲ್ಲಿ ಗ್ರಂಥ ಬರೆದ ಗ್ಲೂಕ್ ದಂಪತಿಗಳ ಆಕ್ಷೇಪವೂ ಹಗುರವಾದುದಲ್ಲ: ಹುಡುಗರು ಮೊದಲು ಕೆಡುತ್ತಾರೆ, ಅನಂತರ ತಮ್ಮಂಥವರನ್ನು ಅರಸಿಕೊಳ್ಳುತ್ತಾರೆ.

ಟ್ರಾವಿಸ್ ಹರ್ಷಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಹೆಚ್ಚಿನ ಹುಡುಗರು ಅಪರಾಧ ಮಾಡದಿರುವುದು ಏತಕ್ಕೆ? ಕ್ಯಾಲಿಫೋರ್ನಿಯಾದ 4,000ಕ್ಕೂ ಮಿಕ್ಕಿದ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನದಿಂದ ಅವರು ಕಂಡ ಉತ್ತರವೆಂದರೆ ತಂದೆತಾಯಿಗಳೊಡನೆ, ಶಾಲೆಯೊಡನೆ ಇರುವ ಬಾಂಧವ್ಯ. ಆದರೂ ಅಪರಾಧಿ ಗೆಳೆಯರ ಪ್ರಭಾವಕ್ಕೆ ತಮ್ಮ ಸಿದ್ಧಾಂತ ಸಾಕಷ್ಟು ಬೆಲೆ ಕೊಟ್ಟಿಲ್ಲವೆಂದು ಅವರೇ ಒಪ್ಪಿಕೊಂಡರು. ಈ ಮಟ್ಟಿಗೆ ಸದರ್‌ಲ್ಯಾಂಡ್ ಗೆದ್ದಂತೆಯೇ ಸರಿ.

ಹರ್ಷಿಯವರ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ತಂದೆ ಸ್ವತಃ ಕಾನೂನು ಮೀರುವವನಾದರೂ ಅದನ್ನು ಮಕ್ಕಳ ಮುಂದೆ ಸಾರುವುದಿಲ್ಲ, ಆದ್ದರಿಂದ ಅವನ ಮೇಲಿನ ಪ್ರೀತಿಯೂ ಮಕ್ಕಳನ್ನು ತಡೆಯುತ್ತದೆ ಎಂಬುದು ಅವರ ಎಣಿಕೆ. ಕನ್ನಗಳ್ಳನ ಮನೆಯಲ್ಲಿ ಹಾಗಿರಬಹುದು. ತೆರಿಗೆ ತಪ್ಪಿಸಿದವನು ಅದನ್ನು ಮುಚ್ಚಿಡುವುದಿಲ್ಲ. ಜಾಣತನವೆಂದು ಮಗನಿಗೆ ಕಲಿಸಿಯೇ ಅಂಗಡಿಯ ಗಲ್ಲೆಯಲ್ಲಿ ಕೂರಿಸುತ್ತಾನೆ.