ಚಿತ್ರದಲ್ಲಿ ಇಲ್ಲದವರು

ಮೆಲ್ಬರ್ನಿನ ಫೆಡರೇಷನ್ ಸ್ಕ್ವೇರ್‌ನ ಕಲಾ ಗ್ಯಾಲರಿಯಲ್ಲಿ ಫ್ರೆಡರಿಕ್ ಮಕಬಿನ್ ಬರೆದ ‘ದಿ ಪಯೊನೀರ್’ (1904) ಚಿತ್ರವನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿಬಂದಿತ್ತು. ಅದು ಮೂರು ಫಲಕಗಳ ಚಿತ್ರ. ಮೊದಲನೆಯದರಲ್ಲಿ ಕಾಡಿಗೆ ಹೊಸದಾಗಿ ಬಂದ ದಂಪತಿ. ಹೆಂಡತಿಯ ಮುಖದಲ್ಲಿ ದುಗುಡ. ಎರಡನೆಯದರಲ್ಲಿ ಆಕೆಯ ತೋಳಲ್ಲಿ ಮಗು, ಹಿಂದೆ ಪುಟ್ಟ ಮನೆ. ಮೂರನೆಯದರಲ್ಲಿ ಒಂದು ಸಮಾಧಿ, ದೂರದಲ್ಲಿ ನಗರ. ಊರು ಬಿಟ್ಟು ಬಂದ ನನಗೆ ಅದು ನನ್ನದೇ ಕಥೆ ಎನಿಸಿತು. ಭಟ್ಟನಾಯಕ ಹೇಳಿದ ಸಾಧಾರಣೀಕರಣ ಇದೇ ಅಲ್ಲವೇ? ಒಬ್ಬರ ದುಃಖ ಎಲ್ಲರದೂ ಆಗುವುದು.

ಆದರೆ ಈ ‘ಎಲ್ಲರೂ’ ಯಾರು? ಮೂರೂ ಫಲಕಗಳಲ್ಲಿ ಈ ನೆಲದ ಮೂಲನಿವಾಸಿ ಒಬ್ಬರೂ ಇಲ್ಲ. ಕಾಡು ಖಾಲಿಯಿತ್ತು ಎಂದು ಚಿತ್ರ ವಾದಿಸಿದ್ದರೆ ನಾವು ಮರುವಾದ ಹೂಡುತ್ತಿದ್ದೆವು. ಅದು ವಾದಿಸುವುದಿಲ್ಲ, ಹಾಗೆಂದು ಕಾಣಿಸುತ್ತದೆ. ನಾವು ಮರುಗುತ್ತಲೇ ಒಪ್ಪಿಬಿಡುತ್ತೇವೆ. ‘ಯಾರಿಗೂ ಸೇರದ ನೆಲ’ ಎಂಬ ಕಾನೂನಿನ ಕಲ್ಪನೆಯನ್ನು ಇಲ್ಲಿನ ಹೈಕೋರ್ಟ್ ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ. ಕಣ್ಣಿಗೆ ಅಂಟಿದ ಕಲ್ಪನೆಯನ್ನು ತೀರ್ಪೊಂದೇ ಅಳಿಸಲಾರದು.

ಅದಕ್ಕೆ ಬೇರೆ ಕಲೆಯೇ ಬೇಕು. ಮಕಬಿನ್ ಚಿತ್ರದ ಹಿಂದಿನ ವರ್ಷವಷ್ಟೇ ವುರುಂಜೆರಿ ಹಿರಿಯ ವಿಲಿಯಂ ಬರಾಕ್ ತೀರಿಕೊಂಡಿದ್ದರು. ಕೊರಾಂಡರ್ಕ್ ವಸತಿಯನ್ನು ಉಳಿಸಿಕೊಳ್ಳಲು ಮೆಲ್ಬರ್ನಿಗೆ ನಡೆದುಹೋಗಿ ಮನವಿ ಸಲ್ಲಿಸಿದವರು ಅವರು. ಕಾವಿಮಣ್ಣು, ಇದ್ದಿಲುಗಳಲ್ಲಿ ಅವರು ಬರೆದ ಚಿತ್ರಗಳ ತುಂಬ ಜನ: ಪಾಸಮ್ ಚರ್ಮದ ಹೊದಿಕೆಯವರು, ಸಾಲುಗಟ್ಟಿ ಕುಣಿಯುವವರು. ವಸಾಹತಿನ ಇನ್ನೂರನೇ ವರ್ಷವಾದ 1988ರಲ್ಲಿ, ಸಿಡ್ನಿ ಬಿಯೆನಾಲೆಯಲ್ಲಿ ಆರ್ನೆಮ್ ಲ್ಯಾಂಡಿನ ರಮಿಂಗಿನಿಂಗ್ ಕಲಾವಿದರು ವರ್ಷಕ್ಕೊಂದರಂತೆ 200 ಟೊಳ್ಳು ದಿಮ್ಮಿಗಳನ್ನು ನಿಲ್ಲಿಸಿದರು. ಸತ್ತವರ ಮೂಳೆಗಳನ್ನು ಇರಿಸುವ ಸಂಪ್ರದಾಯದ ದಿಮ್ಮಿಗಳವು, ಈಗ ಕ್ಯಾನ್ಬೆರಾದಲ್ಲಿವೆ. ಮಕಬಿನ್‌ನಲ್ಲಿ ಒಂದು ಸಮಾಧಿಗೆ ಮರುಗಿದ ನಾನು, ಅಲ್ಲಿ ಇನ್ನೂರರ ಮುಂದೆ ನಿಂತೆ.

ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದ ಮೇಲೆ ಹಸಿರು ಗದ್ದೆ ಬರಿಯ ಸೊಬಗಾಗಿ ಉಳಿಯುವುದಿಲ್ಲ. ಅದನ್ನು ತನ್ನದೆಂದು ಉಳಲಾರದವನೂ ಅಲ್ಲಿ ಕಾಣುತ್ತಾನೆ.

ನಮ್ಮ ಸಮಾರಂಭಗಳಲ್ಲಿ ಈ ನೆಲದ ಹಿರಿಯರನ್ನು ಎರಡು ವಾಕ್ಯಗಳಲ್ಲಿ ನೆನೆದು ದೀಪ ಬೆಳಗಲು ಧಾವಿಸುತ್ತೇವೆ. ‘ದಿ ಪಯೊನೀರ್’ ನನಗೆ ಈಗಲೂ ಇಷ್ಟವೇ. ಆದರೆ ಅದನ್ನು ನಮ್ಮ ವಲಸೆಯ ಕಥೆಯೆಂದು ಮಕ್ಕಳಿಗೆ ತೋರಿಸುವವರು, ಅದೇ ದಿನ ಬರಾಕರ ಚಿತ್ರವನ್ನೂ ತೋರಿಸಬೇಕು.