ನೆಲದ ಮೇಲಣ ಹಾರಾಟ

ನಂಜನಗೂಡಿನ ಬಳಿಯ ಚಿಕ್ಕಯ್ಯನಛತ್ರದಿಂದ ಮೈಸೂರಿಗೆ ಹೋಗುವಾಗ, ಮಂಡಕಳ್ಳಿಯ ನಿಲ್ದಾಣದಿಂದ ಮೇಲೇರುವ ವಿಮಾನವನ್ನು ಕಂಡೊಡನೆ, ನೆಲಬಿಡದೆಯೇ ಹಾರಾಟವನ್ನು ಕಲಿಸುವ ಸಿಮ್ಯುಲೇಟರ್ ಎಂಬ ಯಂತ್ರವು ನೆನಪಿಗೆ ಬರುವುದುಂಟು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್, ತನ್ನ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ ಕಲಿತ ತಿದಿಗಳ ವಿದ್ಯೆಯಿಂದಲೇ ಇದರ ಪೂರ್ವಜನನ್ನು ನಿರ್ಮಿಸಿದನೆಂಬುದು (ವಾದ್ಯದ ಉಸಿರು ವಿಮಾನಕ್ಕೆ ಒದಗಿತಲ್ಲ!) ನನಗೆ ಬಹು ಪ್ರಿಯವಾದ ಸಂಗತಿ. ಇಂದಿನ ಯಂತ್ರವಾದರೋ ಆರು ಕಾಲುಗಳ ಮೇಲೆ ನಿಂತು, ಕೋಣೆಯನ್ನು ತುಸುವೇ ಹಿಂದಕ್ಕೆ ವಾಲಿಸಿ, ಗುರುತ್ವಾಕರ್ಷಣೆಯನ್ನೇ ವೇಗೋತ್ಕರ್ಷವೆಂದು ಒಳಗಿವಿಯನ್ನು ನಂಬಿಸುವುದು. ನಿಜವಿಮಾನದಲ್ಲಿ ಯಾರೂ ಪರೀಕ್ಷೆಗಾಗಿ ಹೊತ್ತಿಸದ ಎಂಜಿನ್ನಿನ ಬೆಂಕಿಯನ್ನು ಬೇಕಾದಷ್ಟು ಬಾರಿ ಹೊತ್ತಿಸಿ ಆರಿಸುವುದು. ಆದರೆ ಕಡಿದಾದ ತಿರುವಿನಲ್ಲಿ ದೇಹವನ್ನು ಆಸನಕ್ಕೆ ಒತ್ತಿ ಹಿಡಿಯುವ ಭಾರವನ್ನು ಅದು ಕೊಡಲಾರದು. ಬೇಸಗೆಯ ಮಧ್ಯಾಹ್ನ ಕಪಿಲಾತೀರದ ಗದ್ದೆಗಳನ್ನು ದಾಟಿ ಕಾದ ಬಯಲಿಗೆ ಬಂದೊಡನೆ ಪುಟ್ಟ ವಿಮಾನವನ್ನು ಎತ್ತಿಹಾಕುವ ಬಿಸಿಗಾಳಿಯ ಚೇಷ್ಟೆಯನ್ನಂತೂ, ಗಣಕಕ್ಕೆ ಮೊದಲೇ ಹೇಳಿಕೊಟ್ಟ ಮಟ್ಟಿಗೆ ಮಾತ್ರ ಅನುಕರಿಸಬಲ್ಲದು.